ಕೆಟಮಿನ್ ಮುಂಚೆ ಕೊಟ್ಟರೆ ಉರಿಯೂತ ಕಡಿಮೆಯಾಗುತ್ತಾ?

ಹೊಟ್ಟೆ ಕೊಯ್ಯುವ ಮುಂಚೆ ಸಣ್ಣ ಡೋಸ್ ಕೆಟಮಿನ್ (ಅರಿವಳಿಕೆಗೂ ನೋವಿಗೂ ಕೊಡುವ ಔಷಧಿ) ಕೊಟ್ಟರೆ ಒಳ್ಳೆಯದಾ, ಆಮೇಲಾ ಅಂತ ಕೇಳಿದ್ದೀರಿ. ನನ್ನ ಕರುಳಿನ ಆಪರೇಷನ್ ಹೊತ್ತಿಗೆ ನಾನೂ ಇದನ್ನೇ ಹಿಡಿದು ಕೂತಿದ್ದೆ. ಅರಿವಳಿಕೆ ಡಾಕ್ಟರ್ ಬಂದಾಗ ನಾನು ಬೇರೇನೂ ಕೇಳಲಿಲ್ಲ. 'ಆಯ್ತು, ಕೊಯ್ಯುವ ಮುಂಚೆಯೇ ಕೊಡೋಣ' ಅಂದರು. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ.

ಕೆಟ್ಟಿದ್ದು ವಾರ್ಡಿನಲ್ಲಿ. ನರ್ಸ್ ಹೊತ್ತಿಗೆ ಸರಿಯಾಗಿ ಪ್ಯಾರಾಸಿಟಮಾಲ್ ತಂದರೆ, 'ಈಗ ನೋವಿಲ್ಲ, ಬೇಡ' ಅಂದುಬಿಟ್ಟೆ. ಕೆಟಮಿನ್ ಆಗಿದೆಯಲ್ಲ ಅನ್ನುವ ಧೈರ್ಯ. ಲೆಕ್ಕ ನೋಡಿ: ರಕ್ತದಲ್ಲಿನ ಕೆಟಮಿನ್ 2-3 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಉರಿಯೂತ ಎಷ್ಟಿದೆ ಅಂತ ರಕ್ತದಲ್ಲಿ ತೋರಿಸುವ ಪ್ರೋಟೀನ್‌ಗಳಲ್ಲಿ ಐಎಲ್-6 ತುದಿ ಮುಟ್ಟುವುದು ಸುಮಾರು 24 ಗಂಟೆಗೆ, ಸಿಆರ್‌ಪಿ 48ರಿಂದ 72 ಗಂಟೆಗೆ. ಮೋಡ ಕಂಡಾಗ ಕೊಡೆ ಬಿಚ್ಚಿ, ಮಳೆ ಬಂದಾಗ ಮಡಚಿದ ಹಾಗಾಯಿತು. ರಾತ್ರಿ ನೋವು ಏರಿತು. ಕೆಮ್ಮಿದರೆ ಹೊಲಿಗೆ ಕಿತ್ತ ಹಾಗೆ, ಅದಕ್ಕೇ ಕೆಮ್ಮಲಿಲ್ಲ. ಉಸಿರು ಮೇಲೆ ಮೇಲೆ ಎಳೆದೆ. ಎದ್ದು ಓಡಾಡು ಅಂದರೆ ನಾಳೆ ಅಂದೆ. ಕಫ ಕಟ್ಟಿ ನ್ಯುಮೋನಿಯಾ ಆಯಿತು. ಆಮೇಲೆ ಕೊಟ್ಟ ಔಷಧಿಗಳ ಮುಂದೆ ಆ ಪ್ಯಾರಾಸಿಟಮಾಲ್ ಏನೂ ಅಲ್ಲ.

ಬೇಜಾರಾಗಬೇಡಿ, ನೀವು ತಪ್ಪು ಜಾಗದಲ್ಲಿ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ಕೆಟಮಿನ್ ಮುಂಚೆ ಕೊಟ್ಟರೆ ನೋವಿಗೆ ಬೆನ್ನುಹುರಿ ಕೆರಳುವುದು ಕಡಿಮೆಯಾಗುತ್ತದೆ ಅನ್ನುವುದು ಹಳೆಯ ಊಹೆ. ಐಎಲ್-6 ಸ್ವಲ್ಪ ಇಳಿದದ್ದನ್ನು ಕಂಡ ಅಧ್ಯಯನಗಳೂ ಇವೆ. ಆದರೆ ಅದು ರಕ್ತದ ವರದಿಯ ಅಂಕಿ, ಸುಮ್ನೆ ಅದನ್ನೇ ನೋಡುತ್ತಾ ಕೂತರೆ ಏನು ಬಂತು? 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 'ಪಾಡ್‌ಕ್ಯಾಸ್ಟ್' ಹೆಸರಿನ ಅಧ್ಯಯನದಲ್ಲಿ 60 ದಾಟಿದ 672 ಜನರಿದ್ದರು. ದೊಡ್ಡ ಆಪರೇಷನ್‌ಗಳಲ್ಲಿ ಕೊಯ್ಯುವ ಮುಂಚೆ ಒಂದೇ ಡೋಸ್ ಕೊಟ್ಟು ನೋಡಿದರು. ನೋವೂ ಕಡಿಮೆಯಾಗಲಿಲ್ಲ, ಆಪರೇಷನ್ ಆದ ಮೇಲೆ ವಯಸ್ಸಾದವರಿಗೆ ಬರುವ ಬುದ್ಧಿಯ ಗೊಂದಲವೂ ಕಡಿಮೆಯಾಗಲಿಲ್ಲ. ಭ್ರಮೆ, ಕೆಟ್ಟ ಕನಸು ಮಾತ್ರ ಜಾಸ್ತಿಯಾದವು. ಅಲ್ಲದೆ ಗಾಯ ಮಾಯಲು ಒಂದಿಷ್ಟು ಉರಿಯೂತ ಬೇಕೇ ಬೇಕು.

ಯಾವಾಗ ಕೊಡಬೇಕು ಅನ್ನುವುದನ್ನು ಡಾಕ್ಟರಿಗೇ ಬಿಡಿ. ಬಿಪಿ, ಹೃದಯದ ತೊಂದರೆ, ಹಿಂದೆ ಮಾನಸಿಕ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ. ಆಪರೇಷನ್ ಆದ ಮೇಲಿನ ಮೂರು ದಿನಕ್ಕೆ ನೋವಿನ ಔಷಧಿ ಏನು, ಎಷ್ಟು ಗಂಟೆಗೊಮ್ಮೆ, ಎಪಿಡ್ಯೂರಲ್ (ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ಕೊಡುವ ನೋವಿನ ಔಷಧಿ) ಇದೆಯಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಉಸಿರಾಟದ ವ್ಯಾಯಾಮಕ್ಕೆ ಬಳಸುವ ಮೂರು ಚೆಂಡಿನ ಸ್ಪೈರೋಮೀಟರ್ ಈಗಲೇ ತಂದು ಅಭ್ಯಾಸ ಮಾಡಿ. ಊದಬೇಡಿ, ಒಳಗೆ ಎಳೆಯಿರಿ. ತುಂಬಾ ಜನ ಉಲ್ಟಾ ಮಾಡುತ್ತಾರೆ.