ಉದ್ದನೆಯ ಕೆಲಸ ಒಂದೆರಡು ಸಲ ಓಡಿ ಆಮೇಲೆ ಶುರುವಾಗುವುದೇ ಇಲ್ಲ: ಪೈಥಾನ್‌ನ ಎಪಿಶೆಡ್ಯೂಲರ್‌ನಲ್ಲಿ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಲೈಬ್ರರಿ) ಪರಿಹಾರವೇನು?

ಹೆಚ್ಚಿನ ಸಲ ನಿಂತಿರುವುದು ಶೆಡ್ಯೂಲರ್ ಅಲ್ಲ, ಹಿಂದಿನ ಓಟವೇ ಇನ್ನೂ ಮುಗಿದಿರುವುದಿಲ್ಲ. 3ನೇ ಆವೃತ್ತಿಯಲ್ಲಿ ಪ್ರತಿ ಜಾಬ್‌ಗೆ (ನಿಗದಿಪಡಿಸಿದ ಕೆಲಸಕ್ಕೆ) ಮ್ಯಾಕ್ಸ್ ಇನ್‌ಸ್ಟನ್ಸಸ್, ಅಂದರೆ ಒಂದೇ ಕಾಲಕ್ಕೆ ಎಷ್ಟು ಓಟ ಎಂಬ ಮಿತಿ, ನೀವು ಬದಲಿಸದಿದ್ದರೆ 1. ಹಳೆಯದು ಓಡುತ್ತಿರುವಾಗ ಸಮಯವಾದರೆ ಹೊಸ ಓಟವನ್ನು ಕೈಬಿಟ್ಟು, ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆಯುತ್ತದೆ. ಲಾಗಿಂಗ್ ಸರಿಯಾಗಿ ಹೊಂದಿಸಿ ಮೊದಲು ಅದನ್ನೇ ಹುಡುಕಿ.

ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿದ್ದರೆ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಿರಬಹುದು. ಸಾಮಾನ್ಯ ಅಪರಾಧಿ ಟೈಮ್‌ಔಟ್ (ಕಾಯುವ ಗರಿಷ್ಠ ಅವಧಿ) ಇಲ್ಲದ ನೆಟ್‌ವರ್ಕ್ ಕರೆ. ವೆಬ್ ಕರೆ ಮಾಡುವ ರಿಕ್ವೆಸ್ಟ್ಸ್ ಲೈಬ್ರರಿಗೆ ನೀವು ಕೊಡದಿದ್ದರೆ ಟೈಮ್‌ಔಟ್ ಇರುವುದೇ ಇಲ್ಲ. ಎದುರಿನ ಸರ್ವರ್ ಸುಮ್ಮನಾದರೆ ಆ ಕೆಲಸ ಓಡಿಸುತ್ತಿರುವ ಥ್ರೆಡ್ (ಪ್ರೋಗ್ರಾಮ್‌ನೊಳಗಿನ ಒಂದು ಓಟದ ಎಳೆ) ಕಾಯುತ್ತಲೇ ಇರುತ್ತದೆ. ಸಂಪರ್ಕಕ್ಕೆ 10, ಓದುವುದಕ್ಕೆ 60 ಸೆಕೆಂಡ್ ಕೊಟ್ಟು ನೋಡಿ. ಡೇಟಾಬೇಸ್ ಕ್ವೆರಿಗೂ ಮಿತಿ ಹಾಕಿ.

ಮ್ಯಾಕ್ಸ್ ಇನ್‌ಸ್ಟನ್ಸಸ್ ಮಿತಿಯನ್ನು 1ರಿಂದ 3ಕ್ಕೆ ಏರಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಅದನ್ನೇ ಮದ್ದು ಅಂದುಕೊಳ್ಳಬೇಡಿ: ಒಂದರ ಬದಲು ಮೂರು ಥ್ರೆಡ್ ಸಿಕ್ಕಿಬೀಳುತ್ತವೆ, ಒಂದೇ ದತ್ತಾಂಶವನ್ನು ಎರಡೆರಡು ಸಲ ಬರೆಯುವ ಅಪಾಯವೂ ಇದೆ. ಪೈಥಾನ್‌ನಲ್ಲಿ ಥ್ರೆಡ್ಡನ್ನು ಹೊರಗಿನಿಂದ ಸುರಕ್ಷಿತವಾಗಿ ಕೊಲ್ಲಲಾಗದು. ಹಾಗಾಗಿ ನಂಬಲಾಗದ ಕೆಲಸವನ್ನು ಪೈಥಾನ್‌ನ ಸಬ್‌ಪ್ರೊಸೆಸ್ ಮಾಡ್ಯೂಲ್‌ನ ರನ್ ಮೂಲಕ, ಬೇರೆಯೇ ಪ್ರೊಸೆಸ್ ಆಗಿ, ಟೈಮ್‌ಔಟ್ ಕೊಟ್ಟು ಓಡಿಸಿ. ಅವಧಿ ಮೀರಿದರೆ ಅದು ಪ್ರೊಸೆಸ್ಸನ್ನೇ ಕೊಲ್ಲುತ್ತದೆ.

ಲಾಗ್‌ನಲ್ಲಿ ಓಟ ತಪ್ಪಿಹೋಯಿತೆಂಬ ಸಾಲು ಕಂಡರೆ ಕಾರಣ ಬೇರೆ. ಹೆಚ್ಚಾಗಿ ಥ್ರೆಡ್ ಪೂಲ್‌ನ (ಕೆಲಸಗಳನ್ನು ಓಡಿಸುವ ಥ್ರೆಡ್‌ಗಳ ಗುಂಪು) 10 ಥ್ರೆಡ್‌ಗಳೂ ತುಂಬಿರುತ್ತವೆ. ಸರದಿ ಬರುವಷ್ಟರಲ್ಲಿ ಮಿಸ್‌ಫೈರ್ ಗ್ರೇಸ್ ಟೈಮ್ (ಓಟ ಎಷ್ಟು ತಡವಾದರೂ ನಡೆಯಬಹುದು ಎಂಬ ಅವಧಿ), ನೀವು ಬದಲಿಸದಿದ್ದರೆ ಬರೀ 1 ಸೆಕೆಂಡ್, ದಾಟಿರುತ್ತದೆ. ಅದನ್ನು 300 ಸೆಕೆಂಡ್ ಮಾಡಿ, ಕೋಅಲೆಸ್ ಎಂಬ ಆಯ್ಕೆ ಆನ್ ಇರಲಿ. ಆಗ ಒಂದೇ ಕೆಲಸದ ಹಲವು ಓಟಗಳು ಒಟ್ಟಿಗೆ ಬಾಕಿಯಾಗಿದ್ದರೆ ಅದು ಒಂದೇ ಸಲ ಓಡುತ್ತದೆ.