ಗಲ್ಲಾಪೆಟ್ಟಿಗೆಯ ಕೊರತೆ, ಕಳ್ಳನೆಂಬ ಹೆಸರು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಊರು ಕುಂದಾಪುರದ ಕಡೆ. ನನ್ನ ಯಜಮಾನರು ಮುಲುಂಡಿನ ಒಂದು ಹೋಟೆಲಿನಲ್ಲಿ 14 ವರ್ಷಗಳಿಂದ ಕ್ಯಾಶಿಯರ್ ಆಗಿದ್ದಾರೆ. ಕಳೆದ ತಿಂಗಳು ಲೆಕ್ಕ ನೋಡುವಾಗ 3 ಲಕ್ಷ 40 ಸಾವಿರ ರೂಪಾಯಿ ಕಡಿಮೆ ಬಂದಿದೆಯೆಂದು ಮಾಲೀಕರು ಇವರ ಮೇಲೆ ಆರೋಪ ಹೊರಿಸಿದರು. ಇವರು ಒಂದು ಕಾಸನ್ನೂ ಮುಟ್ಟಿದವರಲ್ಲ. ಆದರೆ ಮಾಲೀಕರು ಊರಿನವರೇ ಆದ ಇಬ್ಬರು ಹಿರಿಯರನ್ನು ಕೂರಿಸಿಕೊಂಡು, ‘ಪೊಲೀಸರ ತನಕ ಹೋದರೆ ನಿನ್ನ ಮಕ್ಕಳ ಗತಿ ಏನು’ ಎಂದು ಹೆದರಿಸಿ, 500 ರೂಪಾಯಿಯ ಖಾಲಿ ಬಾಂಡ್ ಪೇಪರಿಗೆ ಇವರ ಸಹಿ ಹಾಕಿಸಿಕೊಂಡಿದ್ದಾರೆ. ಅಂದೇ ರಾತ್ರಿ ನನ್ನ ಖಾತೆಯಿಂದ 40 ಸಾವಿರ ರೂಪಾಯಿಯನ್ನು ಯುಪಿಐ ಮೂಲಕ ಕಳಿಸಿದ್ದೇವೆ. ಉಳಿದದ್ದನ್ನು ಕಂತಿನಲ್ಲಿ ಕೊಡುತ್ತೇನೆಂದು ತಮ್ಮ ಕೈಯಾರೆ ಒಂದು ಪತ್ರ ಬರೆದುಕೊಡಬೇಕೆಂದು ಈಗ ಒತ್ತಾಯಿಸುತ್ತಿದ್ದಾರೆ. ಇವರು ಒಪ್ಪದಿದ್ದಾಗ ಹೋಟೆಲಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇವರ ಫೋಟೋ ಹಾಕಿ ಕಳ್ಳನೆಂದು ಬರೆದರು, ಅದು ಊರಿಗೂ ತಲುಪಿತು. ಮೊನ್ನೆ ಪೊಲೀಸ್ ಠಾಣೆಯಿಂದ ಫೋನ್ ಬಂತು. ಇವರು ಹೋಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತು ಬಂದಿದ್ದಾರೆ, ಮಂಗಳವಾರ ಮತ್ತೆ ಬರಹೇಳಿದ್ದಾರೆ. ಸ್ವಲ್ಪ ದಿನ ಊರಿಗೆ ಹೋಗಿ ಇರಲಿ ಎಂದು ಭಾವನವರು ಹೇಳುತ್ತಾರೆ. ಪತ್ರ ಬರೆದುಕೊಟ್ಟು ಮುಗಿಸಿಬಿಡೋಣವೆಂದು ಇವರಿಗೆ ಅನಿಸುತ್ತಿದೆ. ಸುಳ್ಳು ಆರೋಪ ಹೊರಿಸಿದವರ ಮೇಲೆ ನಾವೇ ಕೇಸು ಹಾಕಬಹುದೇ? (ಹೆಸರು ಬೇಡ)

ಉತ್ತರ: ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಕೊನೆಯಲ್ಲಿಯೇ ಉತ್ತರಿಸುತ್ತೇನೆ. ಮೊದಲು ಪತ್ರದ ವಿಷಯ. ನಿಮ್ಮ ಯಜಮಾನರು ಅದನ್ನು ಯಾವ ಕಾರಣಕ್ಕೂ ಬರೆದುಕೊಡಬಾರದು.

ಪೊಲೀಸರಿಗೆ ಹೆದರಿ ಮಾಲೀಕರಿಗೆ ಪತ್ರ ಬರೆದುಕೊಡುವವರು ಒಂದು ವಿಷಯವನ್ನು ತಿಳಿದಿರುವುದಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುತ್ತದೆ. ಆದರೆ ಮಾಲೀಕನಿಗೆ ಬರೆದುಕೊಟ್ಟ ತಪ್ಪೊಪ್ಪಿಗೆಗೆ ಆ ರಕ್ಷಣೆ ಇಲ್ಲ. ನ್ಯಾಯಾಲಯಗಳು ಅಂಥ ಪತ್ರವನ್ನು ದುರ್ಬಲ ಸಾಕ್ಷ್ಯವೆಂದೇ ನೋಡುತ್ತವೆಯಾದರೂ, ಅದು ಕಡತದೊಳಗೆ ಸೇರಿದ ಮೇಲೆ ‘ಕದಿಯದವನು ಕಂತು ಕಟ್ಟುತ್ತೇನೆಂದು ಯಾಕೆ ಬರೆದ’ ಎಂಬ ಪ್ರಶ್ನೆ ವಿಚಾರಣೆಯ ಉದ್ದಕ್ಕೂ ಬೆನ್ನು ಹತ್ತುತ್ತದೆ. ಬೆದರಿಕೆಯಿಂದ ಪಡೆದ ತಪ್ಪೊಪ್ಪಿಗೆಯನ್ನು ಪರಿಗಣಿಸಬಾರದೆನ್ನುವ 22ನೇ ಕಲಮಿನ ನೆರವು ಸಿಗಬಹುದು, ಆದರೆ ಅದು ಬೆದರಿಕೆಯೇ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಅಂದು ಕೋಣೆಯಲ್ಲಿದ್ದ ಊರಿನ ಆ ಹಿರಿಯರು ಯಾರ ಪರವಾಗಿ ಸಾಕ್ಷಿ ನುಡಿದಾರೆಂಬುದನ್ನು ನೀವೇ ಊಹಿಸಿಕೊಳ್ಳಿ.

ಖಾಲಿ ಬಾಂಡ್ ಪೇಪರಿನ ಮಾತು ಇದಕ್ಕಿಂತ ತುರ್ತಿನದು, ಏಕೆಂದರೆ ಅದರ ಮೇಲೆ ನಾಳೆ ಏನನ್ನು ಬೇಕಾದರೂ ಬರೆಯಬಹುದು. ವಕೀಲರ ಮೂಲಕ ಮಾಲೀಕರಿಗೆ ಒಂದು ನೋಟಿಸು ಹೋಗಲಿ. ಸಹಿ ಹಾಕಿಸಿಕೊಂಡ ದಿನಾಂಕ, ಸ್ಥಳ, ಅಲ್ಲಿದ್ದವರು ಯಾರು, ಕಾಗದ ಖಾಲಿಯಾಗಿತ್ತೆಂಬ ಸಂಗತಿ, 40 ಸಾವಿರ ರೂಪಾಯಿಯನ್ನು ತಪ್ಪು ಒಪ್ಪಿಕೊಂಡಲ್ಲ, ಬೆದರಿಕೆಗೆ ಮಣಿದು ಕಳಿಸಿದ್ದೆಂಬ ಮಾತು, ಕಾಗದವನ್ನು ಹಿಂದಿರುಗಿಸಬೇಕೆಂಬ ಬೇಡಿಕೆ, ಇಷ್ಟೇ ಅದರಲ್ಲಿರಲಿ. ಸ್ಪೀಡ್ ಪೋಸ್ಟಿನ ರಸೀದಿಯನ್ನೂ ಯುಪಿಐ ಪಾವತಿಯ ದಾಖಲೆಯನ್ನೂ ಜೋಪಾನವಾಗಿಡಿ. ಆರು ತಿಂಗಳ ನಂತರ ‘ಅಂದು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು’ ಎಂದು ಹೇಳುವುದಕ್ಕೂ ಹದಿನೈದು ದಿನಗಳೊಳಗೆ ಲಿಖಿತವಾಗಿ ಹೇಳುವುದಕ್ಕೂ ನ್ಯಾಯಾಲಯದಲ್ಲಿ ಅಜಗಜಾಂತರವಿದೆ. ಇನ್ನು ಮುಂದೆ ಹಣ ಕಳಿಸಬೇಡಿ.

ಈಗ ಠಾಣೆಯ ವಿಚಾರ. ಫೋನ್ ಬಂದ ಮಾತ್ರಕ್ಕೆ ಎಫ್‌ಐಆರ್ ಆಗಿದೆಯೆಂದು ತಿಳಿಯಬೇಡಿ. ಬಂದಿರುವುದು ಬರಿಯ ದೂರು ಅರ್ಜಿಯೇ, ಎನ್‌ಸಿಯೇ (ನ್ಯಾಯಾಲಯದ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧದ ದಾಖಲೆ), ಅಥವಾ ಎಫ್‌ಐಆರ್ ದಾಖಲಾಗಿದೆಯೇ ಎಂಬುದನ್ನು ಮೊದಲು ವಕೀಲರು ವಿಚಾರಿಸಲಿ. ಎಫ್‌ಐಆರ್ ಆಗಿದ್ದರೆ ಅದರ ಪ್ರತಿಯನ್ನು ಮಹಾರಾಷ್ಟ್ರ ಪೊಲೀಸರ ಜಾಲತಾಣದಲ್ಲಿ ಹುಡುಕಬಹುದು, ಅಲ್ಲಿ ಸಿಗದಿದ್ದರೆ ನ್ಯಾಯಾಲಯದಿಂದ ಪಡೆಯಬಹುದು. ನೌಕರನು ತನಗೆ ವಹಿಸಿದ ಹಣವನ್ನು ದುರುಪಯೋಗ ಮಾಡಿದನೆಂಬ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯ 316(4)ನೇ ಕಲಂ ಅನ್ವಯವಾಗುತ್ತದೆ, ನೌಕರನ ಕಳ್ಳತನವೆಂದಾದರೆ 306ನೇ ಕಲಂ. ಎರಡಕ್ಕೂ ಗರಿಷ್ಠ ಶಿಕ್ಷೆ 7 ವರ್ಷ. ಈ 7 ವರ್ಷವೆಂಬ ಸಂಖ್ಯೆ ನಿಮ್ಮ ಪಾಲಿಗೆ ಮುಖ್ಯವಾದದ್ದು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದೂರು ಬಂದ ಕೂಡಲೇ ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಏಕೆ ಅಗತ್ಯವೆಂಬುದಕ್ಕೆ ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬಂಧನ ಬೇಕಿಲ್ಲದಾಗ, ತನಿಖೆ, ಬಂಧನ, ಜಾಮೀನುಗಳ ಕ್ರಮವನ್ನು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಂತೆ ಹಾಜರಾತಿ ನೋಟಿಸು ಕೊಡಬೇಕು. ಆ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಕಳಿಸಿದರೆ ಸಾಲದೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿದೆ. ಹೀಗಿರುವಾಗ ಬರಿಯ ಫೋನ್ ಕರೆ ನೋಟಿಸಾಗುವುದು ದೂರದ ಮಾತು.

ಹಾಗೆಂದು ಮಂಗಳವಾರ ಹೋಗದೆ ಮನೆಯಲ್ಲಿ ಕುಳಿತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಕಾನೂನು ನಮ್ಮ ಪರವಾಗಿದೆಯೆಂದು ಹಟ ಹಿಡಿದವರನ್ನು ‘ಸಹಕರಿಸಲಿಲ್ಲ’ ಎಂಬ ಒಂದು ಸಾಲಿನಲ್ಲಿ ಸಿಕ್ಕಿಸುವುದು ಕಷ್ಟವಲ್ಲ. ವಕೀಲರೊಡನೆ ಹೋಗಲಿ, ಹೋಗುವಾಗ ಒಂದು ಪುಟದ ಅರ್ಜಿ ಒಯ್ಯಲಿ: ಇಂಥ ದಿನ ಕರೆ ಬಂದಿತ್ತು, ಬಂದಿದ್ದೇನೆ, ತನಿಖೆಗೆ ಸಹಕರಿಸುತ್ತೇನೆ, ಮುಂದಿನ ಹಾಜರಾತಿಗೆ ಲಿಖಿತ ನೋಟಿಸು ಕೊಡಬೇಕು. ಅದರ ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಳ್ಳಲಿ. ನೋಟಿಸು ಕೈಗೆ ಬಂದ ಮೇಲೆ ಮಾತ್ರ ಒಂದು ದಿನವೂ ತಪ್ಪಿಸಬಾರದು, ಏಕೆಂದರೆ ಅದನ್ನು ಪಾಲಿಸುತ್ತಿರುವವರೆಗೆ ಲಿಖಿತ ಕಾರಣವಿಲ್ಲದೆ ಬಂಧಿಸುವಂತಿಲ್ಲ, ತಪ್ಪಿಸಿದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ.

ನಿರಪರಾಧಿಗಳು ಠಾಣೆಯಲ್ಲಿ ಎಡವುವುದು ಹೆಚ್ಚಾಗಿ ತಮ್ಮ ಪ್ರಾಮಾಣಿಕತೆಯ ಭರದಲ್ಲಿ. ತಪ್ಪು ಮಾಡಿಲ್ಲವೆಂಬ ಧೈರ್ಯದಿಂದ ಮೂರು ವರ್ಷದ ಲೆಕ್ಕವನ್ನು ನೆನಪಿನಿಂದಲೇ ಒಪ್ಪಿಸಲು ಹೊರಡುತ್ತಾರೆ, ಒಂದು ತಾರೀಕು ತಪ್ಪಾಗುತ್ತದೆ, ಆಮೇಲೆ ಆ ತಪ್ಪು ತಾರೀಕೇ ಸುಳ್ಳಿನ ಕುರುಹಾಗುತ್ತದೆ. ದಾಖಲೆ ನೋಡಿ ಹೇಳಬೇಕಾದುದಕ್ಕೆ ‘ದಾಖಲೆ ನೋಡಿ ಹೇಳುತ್ತೇನೆ’ ಎನ್ನುವುದೇ ಸರಿಯಾದ ಉತ್ತರ. ತನ್ನನ್ನೇ ಅಪರಾಧಕ್ಕೆ ಸಿಕ್ಕಿಸುವಂಥ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲವೆಂಬ ರಕ್ಷಣೆಯನ್ನು ಸಂವಿಧಾನದ 20(3)ನೇ ವಿಧಿ ಕೊಟ್ಟಿದೆ. ಬಂಧನವಾದರೆ, ವಿಚಾರಣೆ ನಡೆಯುವಷ್ಟು ಹೊತ್ತೂ ಅಲ್ಲದಿದ್ದರೂ, ನಡುನಡುವೆ ತನ್ನ ಆಯ್ಕೆಯ ವಕೀಲರನ್ನು ಭೇಟಿಯಾಗುವ ಹಕ್ಕೂ ಇದೆ.

ಇಲ್ಲಿ ಮರಾಠಿಯ ಪ್ರಶ್ನೆಯೂ ಬರುತ್ತದೆ. ಇಲ್ಲಿನವರು ‘ಜಬಾಬು’ ಎನ್ನುವ ಹೇಳಿಕೆಯನ್ನು ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ. ಹೋಟೆಲಿನಲ್ಲಿ ಹದಿನಾಲ್ಕು ವರ್ಷ ಮರಾಠಿ ಮಾತನಾಡಿದವರಿಗೂ ಪೊಲೀಸರ ಕೈಬರಹದ ಕಾನೂನು ಮರಾಠಿ ಓದಲು ಬರುವುದು ಅಪರೂಪ. ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಅದನ್ನು ಕೊಟ್ಟವನ ಸಹಿ ಹಾಕಿಸಬಾರದೆಂದು ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂ ಹೇಳುತ್ತದೆ. ಪಂಚನಾಮೆಗೆ ಅಥವಾ ಬೇರೆ ಕಾಗದಕ್ಕೆ ಸಹಿ ಕೇಳಿದರೆ ಓದಿ ಅರ್ಥ ಹೇಳಿಸಿಕೊಂಡ ಬಳಿಕವೇ ಹಾಕಲಿ, ಹಾಕುವಾಗ ಕನ್ನಡದಲ್ಲಿಯೇ ಸಹಿ ಮಾಡಿ ದಿನಾಂಕ ಮತ್ತು ಗಂಟೆ ಬರೆಯಲಿ. ಒಂದು ವೇಳೆ ಬಂಧನವೇ ಆದರೆ, ಅದರ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಆ ತೀರ್ಪು ಬಂದದ್ದು ಮುಂಬಯಿಯದೇ ಒಂದು ಪ್ರಕರಣದಲ್ಲಿ. ಕನ್ನಡದಲ್ಲಿ ಬೇಕೆಂದು ಕೇಳಲು ಸಂಕೋಚ ಬೇಡ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ನಿಮಗೆ ಗೊತ್ತಿರಬಹುದು.

ಊರಿಗೆ ಹೋಗಿ ಇರಲಿ ಎನ್ನುವ ಭಾವನವರ ಸಲಹೆ ಪ್ರೀತಿಯಿಂದ ಬಂದದ್ದು, ಆದರೆ ಕೆಟ್ಟ ಸಲಹೆ. ರೈಲು ಹತ್ತಿದ ಮರುದಿನ ಅವರು ‘ತಲೆಮರೆಸಿಕೊಂಡವರು’ ಆಗುತ್ತಾರೆ, ನಿರೀಕ್ಷಣಾ ಜಾಮೀನಿಗೆ (ಬಂಧನಕ್ಕೆ ಮುಂಚೆಯೇ ಪಡೆಯುವ ಜಾಮೀನು) ಅದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ಊರಿನ ನ್ಯಾಯಾಲಯದಲ್ಲಿ ಜಾಮೀನು ಪಡೆಯಬಹುದೆಂದು ಯಾರಾದರೂ ಹೇಳಿದರೆ, ಬೇರೆ ರಾಜ್ಯದ ನ್ಯಾಯಾಲಯ ಕೊಡಬಹುದಾದದ್ದು ಸರಿಯಾದ ನ್ಯಾಯಾಲಯವನ್ನು ತಲುಪುವಷ್ಟು ಕಾಲದ ಸೀಮಿತ ರಕ್ಷಣೆ ಮಾತ್ರವೆಂದು 2023ರ ಸುಪ್ರೀಂ ಕೋರ್ಟ್ ತೀರ್ಪು ಇದೆಯೆಂಬುದನ್ನು ಅವರಿಗೆ ತಿಳಿಸಿ. ನಿಮ್ಮ ಮನೆ ಥಾಣೆ ಜಿಲ್ಲೆಯಲ್ಲಿದ್ದರೂ ದೂರು ಮುಲುಂಡಿನದಾದ್ದರಿಂದ, ಅದೇ ಸುರಕ್ಷಾ ಸಂಹಿತೆಯ 482ನೇ ಕಲಮಿನ ನಿರೀಕ್ಷಣಾ ಜಾಮೀನಿನ ಅರ್ಜಿ ಹೋಗಬೇಕಾದದ್ದು ಕಲ್ಯಾಣದ ನ್ಯಾಯಾಲಯಕ್ಕಲ್ಲ, ಮುಂಬಯಿಯ ಸೆಷನ್ಸ್ ನ್ಯಾಯಾಲಯಕ್ಕೆ. ಎಫ್‌ಐಆರ್ ಆಗುವವರೆಗೆ ಕಾಯಲೇಬೇಕೆಂದಿಲ್ಲ, ಬಂಧನದ ಭಯಕ್ಕೆ ಸಕಾರಣವಿದ್ದರೆ ಸಾಕು. (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿನಲ್ಲಿ ಪ್ರಕರಣ ರದ್ದು ಕೋರುವ ಕಲಂ ಆಗಿತ್ತು, ಈಗ ಅದು 528. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದು ಅಂಕಿಗಳು ಬದಲಾಗಿ ವಕೀಲರೂ ತೊಡರುತ್ತಿರುವಾಗ ನೀವು ಗೊಂದಲಪಟ್ಟರೆ ತಪ್ಪಿಲ್ಲ.)

ಇಷ್ಟೆಲ್ಲ ರಕ್ಷಣೆಯ ಮಾತಾಯಿತು. ನಿರಪರಾಧಿಯೆಂದು ತೋರಿಸುವ ಕೆಲಸ ಬೇರೆ, ಅದಕ್ಕೆ ಕಾಲ ಕಡಿಮೆಯಿದೆ. ಲೆಕ್ಕದಲ್ಲಿ ಕೊರತೆ ಬಂದದ್ದೇ ಅಪರಾಧವಲ್ಲ, ನಿಮ್ಮ ಯಜಮಾನರು ಆ ಹಣವನ್ನು ಅಪ್ರಾಮಾಣಿಕವಾಗಿ ತಮ್ಮದಾಗಿಸಿಕೊಂಡರೆಂಬುದನ್ನು ಮೊಕದ್ದಮೆ ನಡೆಸುವ ಸರ್ಕಾರದ ಕಡೆಯವರು ರುಜುವಾತುಪಡಿಸಬೇಕು. ಆದರೂ ಹಣ ಅವರ ವಶದಲ್ಲಿತ್ತೆಂದು ಆದ ಮೇಲೆ ಅದು ಏನಾಯಿತೆಂಬ ವಿವರಣೆಯನ್ನು ನ್ಯಾಯಾಲಯ ಅವರಿಂದ ನಿರೀಕ್ಷಿಸುತ್ತದೆ. ನಮ್ಮ ಹೋಟೆಲುಗಳಲ್ಲಿ ನೇಮಕಾತಿ ಪತ್ರವೆಂಬುದೇ ಅಪರೂಪ, ಊರಿನ ಪರಿಚಯವೇ ನೇಮಕಾತಿ, ಯಾರ ಜವಾಬ್ದಾರಿ ಎಲ್ಲಿಗೆ ಮುಗಿಯುತ್ತದೆಂದು ಎಲ್ಲಿಯೂ ಬರೆದಿರುವುದಿಲ್ಲ. ಆದ್ದರಿಂದ ಇಂದೇ ಕುಳಿತು ಅವರು ಒಂದು ನೋಟುಪುಸ್ತಕದಲ್ಲಿ ಬರೆಯಲಿ: ಗಲ್ಲಾಪೆಟ್ಟಿಗೆಯ ಕೀಲಿಕೈ ಯಾರ ಯಾರ ಬಳಿ ಇತ್ತು, ಊಟಕ್ಕೆ ಎದ್ದಾಗ ಗಲ್ಲಾದಲ್ಲಿ ಯಾರು ಕೂರುತ್ತಿದ್ದರು, ಬಿಲ್ಲಿಂಗ್ ಯಂತ್ರದ ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತಿತ್ತು, ಕ್ಯೂಆರ್ ಕೋಡಿನ ಹಣ ಯಾವ ಖಾತೆಗೆ ಹೋಗುತ್ತಿತ್ತು, ರಾತ್ರಿ ಲೆಕ್ಕ ಮುಚ್ಚುವಾಗ ಯಾರು ಸಹಿ ಹಾಕುತ್ತಿದ್ದರು, ತರಕಾರಿಯವರಿಗೂ ಹಾಲಿನವರಿಗೂ ಗಲ್ಲಾದಿಂದ ಚೀಟಿಯಿಲ್ಲದೆ ಹಣ ಕೊಡಲು ಹೇಳುತ್ತಿದ್ದವರು ಯಾರು. ನನ್ನ ಅನುಭವದಲ್ಲಿ ಹೋಟೆಲಿನ ಲೆಕ್ಕ ತಪ್ಪುವುದು ಹೆಚ್ಚಾಗಿ ಈ ಚೀಟಿಯಿಲ್ಲದ ಪಾವತಿಗಳಲ್ಲಿಯೇ.

ಸಿಸಿಟಿವಿಯ ಚಿತ್ರಗಳು ಕೆಲವು ವಾರಗಳಲ್ಲಿ ಅಳಿಸಿಹೋಗಿ ಅವುಗಳ ಮೇಲೆ ಹೊಸತು ದಾಖಲಾಗುತ್ತದೆ. ಹೋಟೆಲಿನ ಗಲ್ಲಾದ ಕಡೆಯ ಕ್ಯಾಮೆರಾದ ದಾಖಲೆಯನ್ನೂ ಬಿಲ್ಲಿಂಗ್ ಯಂತ್ರದಲ್ಲಿ ರದ್ದಾದ ಬಿಲ್ಲುಗಳ ವಿವರವನ್ನೂ ವಶಪಡಿಸಿಕೊಂಡು ಕಾಪಾಡಬೇಕೆಂದು ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ತಪ್ಪು ಮಾಡಿದವನು ಇಂಥ ಅರ್ಜಿ ಕೊಡುವುದು ಅಪರೂಪವೆಂಬುದು ಪೊಲೀಸರಿಗೂ ಗೊತ್ತು. ವಾಟ್ಸ್‌ಆ್ಯಪ್ ಗುಂಪಿನ ಸಂದೇಶವನ್ನು ಅಳಿಸಬೇಡಿ, ಗುಂಪನ್ನು ಬಿಟ್ಟು ಹೊರಬರಲೂ ಬೇಡಿ, ಅದು ಬಂದ ಫೋನನ್ನು ಮಾರದೆ ಇಟ್ಟುಕೊಳ್ಳಿ.

ಇನ್ನು ನೀವು ಕೇಳಿದ ಪ್ರತಿ ಕೇಸು. ಪೊಲೀಸರಿಗೆ ಸದ್ಭಾವನೆಯಿಂದ ಕೊಟ್ಟ ದೂರು ಮಾನಹಾನಿಯಾಗುವುದಿಲ್ಲ, ಆದರೆ ಗುಂಪಿನಲ್ಲಿ ಫೋಟೋ ಹಾಕಿ ಕಳ್ಳನೆಂದು ಬರೆದದ್ದಕ್ಕೆ ಆ ವಿನಾಯಿತಿ ದೊರೆಯುವುದು ಕಷ್ಟ. ನ್ಯಾಯ ಸಂಹಿತೆಯ 356ನೇ ಕಲಮಿನ ಕೆಳಗೆ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಸಲ್ಲಿಸಬಹುದು. ಅದಕ್ಕೆ 3 ವರ್ಷಗಳ ಕಾಲಾವಕಾಶವಿದೆ, ಈ ತಿಂಗಳೇ ಹಾಕಬೇಕೆಂದಿಲ್ಲ. ಸುಳ್ಳೆಂದು ತಿಳಿದೂ ಅಪರಾಧದ ಆರೋಪ ಹೊರಿಸುವುದು 248ನೇ ಕಲಮಿನಂತೆ ಶಿಕ್ಷಾರ್ಹ, ಆದರೆ ಆರೋಪ ಸಾಬೀತಾಗದೆ ಹೋಗುವುದೂ ಮಾಲೀಕರಿಗೆ ಅದು ಸುಳ್ಳೆಂದು ಗೊತ್ತಿತ್ತೆಂಬುದೂ ಒಂದೇ ಅಲ್ಲ. ಅವರು ನಿಜವಾಗಿಯೂ ತಪ್ಪು ತಿಳಿದಿರಬಹುದಲ್ಲವೇ? ದುರುದ್ದೇಶದ ಮೊಕದ್ದಮೆಗೆ ಪರಿಹಾರ ಕೋರುವ ಸಿವಿಲ್ ದಾವೆಯನ್ನು ಖುಲಾಸೆಯಾದ ಒಂದು ವರ್ಷದೊಳಗೆ ಹೂಡಬೇಕು. ಈಗ ಕೋಪದಲ್ಲಿ ಹೂಡುವ ಕೇಸು ನಿಮ್ಮ ಹಣವನ್ನೂ ವಕೀಲರ ಗಮನವನ್ನೂ ಎರಡು ಕಡೆ ಹಂಚುತ್ತದೆ, ಜೊತೆಗೆ ನಿಮ್ಮ ವಾದವನ್ನೆಲ್ಲ ಎದುರಾಳಿಗೆ ಮುಂಚಿತವಾಗಿ ತೋರಿಸಿಕೊಟ್ಟಂತಾಗುತ್ತದೆ.

ವಕೀಲರ ಶುಲ್ಕದ ಚಿಂತೆಯಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆಮಾಡಿ. ಮಹಿಳೆಯರಿಗೆ ಮತ್ತು ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕೆಂಬ ನಿಯಮವಿದೆ, ಉಳಿದವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಹಣ ಹೋದದ್ದು ನಿಮ್ಮ ಖಾತೆಯಿಂದಲಾದ್ದರಿಂದ ಅದನ್ನು ಹಿಂದಕ್ಕೆ ಕೇಳುವ ಅರ್ಜಿದಾರರು ನೀವೇ ಆಗಬಹುದು, ಆ ಭಾಗಕ್ಕೆ ಈ ನೆರವನ್ನು ನಿಮ್ಮ ಹೆಸರಿನಲ್ಲಿಯೇ ಕೇಳಿ. ಖಾಲಿ ಬಾಂಡ್ ಪೇಪರಿನ ನೋಟಿಸು ಮಾತ್ರ ಮಂಗಳವಾರಕ್ಕಿಂತ ಮುಂಚೆಯೇ ಅಂಚೆಗೆ ಬೀಳಲಿ, ಅದರ ಒಂದು ಪ್ರತಿ ಠಾಣೆಗೆ ಹೋಗುವಾಗ ಯಜಮಾನರ ಕೈಯಲ್ಲಿರಲಿ.