ಪ್ಯಾನ್ ಮಾಡುವಾಗ ಎಲ್‌ಇಡಿ ಗೋಡೆಯ ಹಿನ್ನೆಲೆ ಜಾರುತ್ತಿದ್ದರೆ

ಟ್ರ್ಯಾಕರ್‌ಗೂ (ಕ್ಯಾಮೆರಾ ಎಲ್ಲಿದೆ, ಎತ್ತ ತಿರುಗಿದೆ ಎಂದು ಗೋಡೆಯ ಚಿತ್ರ ರಚಿಸುವ ಯಂತ್ರಕ್ಕೆ ತಿಳಿಸುವ ಸಾಧನ) ಲೆನ್ಸ್‌ಗೂ ನಡುವಿನ ಆಫ್‌ಸೆಟ್, ಅಂದರೆ ಅಂತರದ ಅಂಕಿ, ತಪ್ಪಿರಬೇಕು. ಪ್ಯಾನ್ ಮಾಡಿದಾಗ (ಕ್ಯಾಮೆರಾ ಎಡ-ಬಲಕ್ಕೆ ತಿರುಗಿಸಿದಾಗ) ಗೋಡೆಯ ಮೇಲಿನ ಬೆಟ್ಟ ಜಾರುತ್ತದೆ, ದೃಶ್ಯವನ್ನೇ ಮತ್ತೆ ಕಟ್ಟಬೇಕೇ ಎಂದು ಕೇಳಿದ್ದೀರಿ. ಬೇಡ, ಅದನ್ನು ಸದ್ಯ ಮುಟ್ಟಬೇಡಿ. ಟ್ರೈಪಾಡ್ ಮೇಲೆ ಬರೀ ತಿರುಗುವ ಕ್ಯಾಮೆರಾ ಜಾಗ ಬದಲಿಸುವುದು ತೀರಾ ಕಡಿಮೆ, ಹಾಗಾಗಿ ಬೆಟ್ಟ ಗೋಡೆಯ ಮೇಲೆ ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು.

ವಿಳಂಬವೂ (ಕ್ಯಾಮೆರಾ ತಿರುಗಿದ ಮೇಲೆ ಗೋಡೆಯ ಚಿತ್ರ ತಡವಾಗಿ ಬದಲಾಗುವುದು) ಕಾರಣ ಇರಬಹುದು, ನೀವು ಬರೆದಷ್ಟರಿಂದ ಖಚಿತವಾಗಿ ಹೇಳಲಾಗದು. ಮೊದಲು ಎರಡರಲ್ಲಿ ಯಾವುದೆಂದು ಪತ್ತೆ ಮಾಡಿ. ಬೆಟ್ಟದ ತುದಿಗೆ ನೇರವಾಗಿ, ಗೋಡೆಗೆ ತೀರಾ ಹತ್ತಿರ ಒಂದು ಸ್ಟ್ಯಾಂಡ್ ನಿಲ್ಲಿಸಿ (ಎಲ್‌ಇಡಿ ಫಲಕಕ್ಕೆ ಟೇಪ್ ಮಾತ್ರ ಅಂಟಿಸಬೇಡಿ). ಕ್ಯಾಮೆರಾ ಜೋರಾಗಿ ತಿರುಗಿಸಿ ತಟ್ಟನೆ ನಿಲ್ಲಿಸಿ. ತುದಿ ತಡವಾಗಿ ಸ್ಟ್ಯಾಂಡಿನ ನೇರಕ್ಕೆ ಬಂದು ಕೂತರೆ ವಿಳಂಬ. ನಿಂತ ಮೇಲೂ ಪಕ್ಕದಲ್ಲೇ ಉಳಿದರೆ ಆಫ್‌ಸೆಟ್.

ಆಫ್‌ಸೆಟ್ ಆದರೆ ಟ್ರ್ಯಾಕರ್‌ನಿಂದ ಸೆನ್ಸರ್‌ವರೆಗೆ ಮೂರೂ ಅಕ್ಷಗಳಲ್ಲಿ ಅಳೆಯಿರಿ, ಆಮೇಲೆ ಚೆಕರ್‌ಬೋರ್ಡ್ (ಕಪ್ಪು-ಬಿಳಿ ಚೌಕಗಳ ಹಲಗೆ) ಹಿಡಿದು ಲೆನ್ಸ್ ಕ್ಯಾಲಿಬ್ರೇಶನ್ ಮಾಡಿ. ಝೂಮ್ ಲೆನ್ಸ್ ಇದ್ದರೆ ಮೊದಲು ಒಂದೇ ಫೋಕಲ್ ಲೆಂಗ್ತ್ ಸರಿಪಡಿಸಿಕೊಳ್ಳಿ, ಝೂಮ್ ಬದಲಾದಂತೆ ಆ ಅಂಕಿಗಳೂ ಬದಲಾಗುತ್ತವೆ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಬರೆದಿಟ್ಟುಕೊಳ್ಳಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದೇ ಇಲ್ಲ.

ವಿಳಂಬವಾದರೆ ಕ್ಯಾಮೆರಾ, ಟ್ರ್ಯಾಕರ್, ರೆಂಡರ್ ಯಂತ್ರ, ಎಲ್‌ಇಡಿ ಪ್ರೊಸೆಸರ್ ನಾಲ್ಕೂ ಒಂದೇ ಜೆನ್‌ಲಾಕ್‌ನಲ್ಲಿವೆಯೇ (ಎಲ್ಲವನ್ನೂ ಒಂದೇ ತಾಳಕ್ಕೆ ಕಟ್ಟುವ ಸಂಕೇತ) ನೋಡಿ. ಉಳಿಯುವ ಅಲ್ಪ ತಡಕ್ಕೆ ಒಳ ಫ್ರಸ್ಟಮ್ (ಗೋಡೆಯ ಮೇಲೆ ಕ್ಯಾಮೆರಾಕ್ಕೆ ಕಾಣುವ ಭಾಗ) ಸ್ವಲ್ಪ ಅಗಲಿಸಿ, ಪ್ಯಾನ್ ನಿಧಾನಿಸಿ.